ಖಾಲಿ ತಕ್ಕಡಿಯ ಪಾಸಂಗ

ಹೋದ ಬೇಸಿಗೆಯಲ್ಲಿ ಕಲಬುರಗಿ ಸೀಮೆಯ ನಿಂಬರ್ಗಾದ ಮನೆಗೆ ಹೋದಾಗ ಸಂಜೆ ಗಾಳಿಗೆಂದು ಮಾಳಿಗೆ ಮೇಲೆ ಲ್ಯಾಪ್‌ಟಾಪ್ ಹಿಡಿದು ಕೂತಿದ್ದೆ. ಒಂಬತ್ತನೇ ಇಯತ್ತೆ ಓದುವ ಅಣ್ಣನ ಮಗಳು ನನ್ನ ಪೋಲರಾಯ್ಡ್ ಚಸ್ಮಾ ತಗೊಂಡು ಪರದೆಯ ಮುಂದೆ ಹಿಡಿದು ತಿರುವುತ್ತಿದ್ದಳು. ಒಂದು ಕೋನಕ್ಕೆ ಬಂದಾಗ ಬಿಳಿ ಪರದೆ ಕಪ್ಪಾಯಿತು. ಅವಳಿಗೆ ಅದೇ ಒಂದು ಆಟ. "ಕಂಪಾಸ್ ಪೆಟ್ಟಿಗೆಯಿಂದ ಪ್ಲಾಸ್ಟಿಕ್ ಪಟ್ಟಿ ತಂದು ನಡುವೆ ಹಿಡಿ" ಎಂದೆ. ಹಿಡಿದಳು. ಕಪ್ಪು ಪರದೆಯ ಮೇಲೆ ಪಟ್ಟಿ ಮಾತ್ರ ಬೆಳಗಿತು. ಉದ್ದಕ್ಕೂ ಹಸಿರು, ಗುಲಾಬಿ, ಹಳದಿ ಗೆರೆ. ತುದಿಯ ತೂತಿನ ಸುತ್ತ ಅವೇ ಬಣ್ಣಗಳು ಒತ್ತೊತ್ತಾಗಿ ಸುತ್ತಿಕೊಂಡಿದ್ದವು.

ಪರದೆಯಿಂದ ಬರುವ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ, ಚಸ್ಮಾ ಅದಕ್ಕೆ ಅಡ್ಡವಾದ ದಿಕ್ಕನ್ನು ಮಾತ್ರ ಬಿಡುತ್ತದೆ, ಹಾಗಾಗಿ ಕತ್ತಲು. ಪಟ್ಟಿಯನ್ನು ಅಚ್ಚಿನಲ್ಲಿ ಎರೆದಾಗ ಪ್ಲಾಸ್ಟಿಕ್ಕಿನೊಳಗೆ ಒಂದು ಬಿಗಿ ಉಳಿದುಬಿಡುತ್ತದೆ. ಆ ಬಿಗಿಯ ಉದ್ದಕ್ಕೆ ಕಂಪಿಸುವ ಬೆಳಕಿಗೆ ಒಂದು ವೇಗ, ಅಡ್ಡಕ್ಕೆ ಕಂಪಿಸುವ ಬೆಳಕಿಗೆ ಇನ್ನೊಂದು. ಎರಡೂ ಹೊರಬಂದು ಕೂಡಿದಾಗ ಕಂಪನದ ರೀತಿ ಬದಲಾಗಿರುತ್ತದೆ, ಚಸ್ಮಾ ದಾಟಿ ಒಂದಿಷ್ಟು ಬೆಳಕು ಬರುತ್ತದೆ. ಇದಕ್ಕೆ ದ್ವಿವಕ್ರೀಭವನ ಎಂದು ಹೆಸರು.

"ಕಾಕಾ, ಪಟ್ಟಿ ತೆಗದು ನಡುವ ಏನೂ ಇಡಲಿಲ್ಲಂದ್ರ?"

"ಕತ್ತಲ ಅಷ್ಟ" ಎಂದುಬಿಟ್ಟೆ. ಆ ಉತ್ತರ ಪೂರ್ತಿ ಸರಿಯಿರಲಿಲ್ಲ. ನಡುವೆ ಗಾಳಿಯನ್ನೂ ತೆಗೆದು, ಬರೀ ನಿರ್ವಾತ ಉಳಿಸಿ, ಅದಕ್ಕೆ ಬಲವಾದ ಆಯಸ್ಕಾಂತ ಹಿಡಿದರೆ ಆ ನಿರ್ವಾತವೇ ಪ್ಲಾಸ್ಟಿಕ್ ಪಟ್ಟಿಯ ಹಾಗೆ ನಡೆದುಕೊಳ್ಳಬೇಕು ಎಂದು ಭೌತಶಾಸ್ತ್ರ ತೊಂಬತ್ತು ವರ್ಷಗಳಿಂದ ಹೇಳುತ್ತ ಬಂದಿದೆ. ಭೂಮಿಯ ಮೇಲಿನ ಯಾವ ಪ್ರಯೋಗಶಾಲೆಯೂ ಇದನ್ನು ಇನ್ನೂ ಕಂಡಿಲ್ಲ.

ಹೇಳಿದವರು ಲೈಪ್‌ಜಿಗ್‌ನ ವರ್ನರ್ ಹೈಸನ್‌ಬರ್ಗ್ ಮತ್ತು ಅವರ ಶಿಷ್ಯ ಹಾನ್ಸ್ ಆಯ್ಲರ್. ಅವರ ಪ್ರಬಂಧ 1936ರಲ್ಲಿ ಪ್ರಕಟವಾಯಿತು. (ಆಯ್ಲರ್ ಆಮೇಲೆ ಜರ್ಮನ್ ವಾಯುಪಡೆ ಸೇರಿ 1941ರಲ್ಲಿ ಯುದ್ಧದಲ್ಲಿ ತೀರಿಕೊಂಡರು, ಮೂವತ್ತೆರಡೂ ತುಂಬಿರಲಿಲ್ಲ.) ಕ್ವಾಂಟಮ್ ಲೆಕ್ಕದಲ್ಲಿ ನಿರ್ವಾತ ಸುಮ್ಮನೆ ಬಿದ್ದಿರುವ ಬಯಲಲ್ಲ. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಜೋಡಿ ಹುಟ್ಟಬಹುದಾದ ಸಾಧ್ಯತೆ ಅಲ್ಲಿ ಸದಾ ಇದೆ, ಹೊರಗಿನ ಕಾಂತಕ್ಷೇತ್ರ ಆ ಸಾಧ್ಯತೆಯನ್ನು ಒಂದು ಕಡೆಗೆ ಬಾಗಿಸುತ್ತದೆ, ಹಾದುಹೋಗುವ ಬೆಳಕಿಗೆ ಅದು ತಿಳಿಯುತ್ತದೆ. ಜೋಡಿಗಳು ನೀರ್ಗುಳ್ಳೆಯ ಹಾಗೆ ಹುಟ್ಟಿ ಸಾಯುತ್ತಿರುತ್ತವೆ ಎಂದು ಜನಪ್ರಿಯ ಪುಸ್ತಕಗಳಲ್ಲಿ ಬರೆಯುತ್ತಾರೆ. ಚಿತ್ರ ಚೆನ್ನಾಗಿದೆ, ಆದರೆ ಅದು ಚಿತ್ರ ಮಾತ್ರ. ಇನ್ನೊಂದು ಎಚ್ಚರಿಕೆ ನಮ್ಮ ಸೀಮೆಗೇ ಸಂಬಂಧಿಸಿದ್ದು. ಕಲ್ಯಾಣದ ಶರಣರ ಶೂನ್ಯ, ಬಯಲು ಎಂಬ ಮಾತುಗಳನ್ನು ತಂದು ಈ ನಿರ್ವಾತಕ್ಕೆ ಅಂಟಿಸುವ ಭಾಷಣಗಳನ್ನು ಸಾಕಷ್ಟು ಕೇಳಿದ್ದೇನೆ. ಅದರಿಂದ ಶರಣರಿಗೂ ಲಾಭವಿಲ್ಲ, ಭೌತಶಾಸ್ತ್ರಕ್ಕೂ ಇಲ್ಲ. ಅವರ ಬಯಲನ್ನು ಯಾರೂ ಅಳೆಯಲು ಹೊರಟಿರಲಿಲ್ಲ. ಇದನ್ನು ಅಳೆಯಲೇಬೇಕು, ಇಲ್ಲವಾದರೆ ಇದಕ್ಕೆ ಬೆಲೆಯಿಲ್ಲ.

ಈ ಕಥೆಯಲ್ಲಿ ಬೆಂಗಳೂರು ಬರುವುದು ಇಸ್ರೋ ಕಾಲದಲ್ಲಲ್ಲ, ಮೊದಲ ಪುಟದಲ್ಲೇ. 1935ರ ಕೊನೆಗೆ, ಲೈಪ್‌ಜಿಗ್‌ನಲ್ಲಿ ಆ ಪ್ರಬಂಧ ಸಿದ್ಧವಾಗುತ್ತಿದ್ದ ದಿನಗಳಲ್ಲೇ, ಹೈಸನ್‌ಬರ್ಗರ ಹಳೆಯ ಗುರು ಮ್ಯಾಕ್ಸ್ ಬಾರ್ನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ನಾಜಿಗಳಿಂದಾಗಿ ಗಟಿಂಗೆನ್‌ನ ಹುದ್ದೆ ಕಳಕೊಂಡಿದ್ದ ಅವರನ್ನು ಕರೆಸಿದ್ದು ಸಿ. ವಿ. ರಾಮನ್. ಆರು ತಿಂಗಳ ಮಟ್ಟಿಗೆ ಇದ್ದರು. ಕಾಯಂ ಹುದ್ದೆ ಕೊಡಿಸಲು ರಾಮನ್ ಬಹಳ ಹೆಣಗಿದರು, ಆಗಲಿಲ್ಲ; 1936ರಲ್ಲಿ ಬಾರ್ನ್ ಎಡಿನ್‌ಬರೋಗೆ ಹೋದರು.

ಆ ಬಾರ್ನ್ ಅವರ ಜೋಳಿಗೆಯಲ್ಲಿ ಪ್ರತಿಸ್ಪರ್ಧಿ ಸಿದ್ಧಾಂತವೊಂದಿತ್ತು. ಲಿಯೊಪೋಲ್ಡ್ ಇನ್‌ಫೆಲ್ಡ್ ಜೊತೆ 1934ರಲ್ಲಿ ಪ್ರಕಟಿಸಿದ್ದು. ಅದರ ಪ್ರಕಾರವೂ ಬಲವಾದ ಕ್ಷೇತ್ರದಲ್ಲಿ ಮ್ಯಾಕ್ಸ್‌ವೆಲ್ ಸಮೀಕರಣಗಳು ಹಾಗೇ ನಿಲ್ಲುವುದಿಲ್ಲ, ಬಾಗುತ್ತವೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಬಿ. ಎಸ್. ಮಾಧವರಾವ್ ಈ ಸಿದ್ಧಾಂತವನ್ನು ಕೈಗೆತ್ತಿಕೊಂಡು, ರಾಮನ್ ಸ್ಥಾಪಿಸಿದ್ದ ಅಕಾಡೆಮಿಯ ಪತ್ರಿಕೆಯಲ್ಲಿ ಅದರ ಗಣಿತದ ಬಗ್ಗೆ ಲೇಖನಗಳನ್ನು ಬರೆದರು. ಎರಡೂ ಸಿದ್ಧಾಂತಗಳಲ್ಲಿ ನಿರ್ವಾತ ಬೆಳಕಿನ ವೇಗವನ್ನು ಬದಲಿಸುತ್ತದೆ. ಹೈಸನ್‌ಬರ್ಗ್–ಆಯ್ಲರ್ ಲೆಕ್ಕದಲ್ಲಿ ಎರಡು ಕಂಪನಗಳಿಗೆ ಎರಡು ವೇಗ. ಬಾರ್ನ್–ಇನ್‌ಫೆಲ್ಡ್ ಲೆಕ್ಕದಲ್ಲಿ ಎರಡಕ್ಕೂ ಒಂದೇ. ಅಂದರೆ ಪ್ಲಾಸ್ಟಿಕ್ ಪಟ್ಟಿಯ ಪ್ರಯೋಗವನ್ನು ನಿರ್ವಾತದಲ್ಲಿ ಮಾಡಿದರೆ ಇಬ್ಬರಲ್ಲಿ ಯಾರು ಸರಿ ಎಂದು ಗೊತ್ತಾಗಿಬಿಡಬೇಕು. ಸಮಸ್ಯೆ ಒಂದೇ, ಅಂಕಿ.

ಒಂದು ಟೆಸ್ಲಾ ಕಾಂತಕ್ಷೇತ್ರದಲ್ಲಿ ಎರಡು ಕಂಪನಗಳ ವಕ್ರೀಭವನ ಸೂಚ್ಯಂಕದ ನಡುವಿನ ವ್ಯತ್ಯಾಸ ಸುಮಾರು 4×10⁻²⁴. ಕ್ಷೇತ್ರ ಇಮ್ಮಡಿಯಾದರೆ ಇದು ನಾಲ್ಕು ಪಟ್ಟಾಗುತ್ತದೆ. ಇಷ್ಟು ಸೊನ್ನೆಗಳು ಯಾರ ಮನಸ್ಸಿಗೂ ಹತ್ತುವುದಿಲ್ಲ, ಆದ್ದರಿಂದ ಬೇರೆ ರೀತಿ ಹೇಳುತ್ತೇನೆ. ಎರಡೂವರೆ ಟೆಸ್ಲಾದ ಆಯಸ್ಕಾಂತವನ್ನು ಒಂದು ಜ್ಯೋತಿರ್ವರ್ಷದ ಉದ್ದಕ್ಕೂ ಹಾಸಿದೆವು ಎನ್ನಿ. ಬೆಳಕು ಒಂದಿಡೀ ವರ್ಷ ಅದರೊಳಗೆ ಓಡಿ ಹೊರಬಂದಾಗ, ಒಂದು ಕಂಪನ ಇನ್ನೊಂದಕ್ಕಿಂತ ಮಿಲಿಮೀಟರಿನ ನಾಲ್ಕು ಸಾವಿರದಲ್ಲಿ ಒಂದು ಪಾಲು ಹಿಂದೆ ಬಿದ್ದಿರುತ್ತದೆ.

ಹಾಗಿದ್ದರೂ ಇದನ್ನು ಮೇಜಿನ ಮೇಲೆ ಅಳೆಯಲು ಹೊರಟವರಿದ್ದಾರೆ. ಅವರಲ್ಲಿ ನನಗೆ ತೀರ ಹಿಡಿಸಿದ್ದು ಇಟಲಿಯ ಪಿವಿಎಲ್ಎಎಸ್ ತಂಡ. ಇದರ ಬೀಜ ಎಮಿಲಿಯೊ ಜವಾತ್ತಿನಿ 1979ರಲ್ಲಿ ಮುಂದಿಟ್ಟ ಯೋಜನೆಯಲ್ಲಿದೆ, ಕೊನೆಯ ಫಲಿತಾಂಶ ಬಂದದ್ದು 2020ರಲ್ಲಿ. ಫೆರಾರಾ ನಗರದಲ್ಲಿ ಅವರು ಕಟ್ಟಿದ ಉಪಕರಣದ ಉದ್ದ ಸುಮಾರು 3.3 ಮೀಟರ್, ನಮ್ಮ ಪಡಸಾಲೆಯಲ್ಲಿ ಹಿಡಿಸುವಷ್ಟು. ಎರಡು ತುದಿಗೆ ಎರಡು ಕನ್ನಡಿ. ಒಳಹೊಕ್ಕ ಲೇಸರ್ ಬೆಳಕು ಅವುಗಳ ನಡುವೆ ಲಕ್ಷಗಟ್ಟಲೆ ಸಲ ಹೋಗಿಬರುತ್ತದೆ. ನಡುವೆ ಎರಡೂವರೆ ಟೆಸ್ಲಾದ ಎರಡು ಕಾಯಂ ಆಯಸ್ಕಾಂತಗಳು, ಪ್ರತಿಯೊಂದೂ ಮೀಟರಿಗಿಂತ ಕಡಿಮೆ ಉದ್ದ. ಬೆಳಕು ಅವುಗಳೊಳಗೆ ಒಟ್ಟು ಓಡುವ ದೂರ ಏಳುನೂರು ಕಿಲೋಮೀಟರು ದಾಟುತ್ತದೆ, ನಿಂಬರ್ಗಾದಿಂದ ಬೆಂಗಳೂರಿಗೆ ಇರುವ ರಸ್ತೆಗಿಂತ ಹೆಚ್ಚು. ಅಷ್ಟು ಓಡಿದ ಮೇಲೆ ಎರಡು ಕಂಪನಗಳ ನಡುವೆ ಬೀಳಬೇಕಾದ ಅಂತರ ಒಂದು ಪ್ರೋಟಾನಿನ ಅಡ್ಡಳತೆಯ ನೂರನೇ ಒಂದು ಪಾಲಿನಷ್ಟು.

ಆಳಂದದ ಅಡತಿ ಅಂಗಡಿಗಳಿಗೆ ಎಲೆಕ್ಟ್ರಾನಿಕ್ ಕಾಟಾ ಬರುವುದಕ್ಕೆ ಮುಂಚೆ ತೊಗರಿ ತೂಗುತ್ತಿದ್ದದ್ದು ತಕ್ಕಡಿಯಲ್ಲಿ. ತಿಳಿದ ರೈತ ಕಾಳು ಸುರಿಯುವ ಮೊದಲು "ಖಾಲಿ ಎತ್ರಿ ನೋಡೂಣು" ಅನ್ನುತ್ತಿದ್ದ. ಖಾಲಿ ತಕ್ಕಡಿಯೇ ಒಂದು ಕಡೆ ವಾಲಿದರೆ ಅದಕ್ಕೆ ಪಾಸಂಗ ಎನ್ನುತ್ತೇವೆ. ಸಣ್ಣ ಕಲ್ಲು ಕಟ್ಟಿ ಸರಿಮಾಡಿ ಆಮೇಲೆ ತೂಗಬೇಕು. ನಿರ್ವಾತವನ್ನು ಅಳೆಯುವವರ ಪಾಡು ಇದಕ್ಕಿಂತ ಕಠಿಣ. ಅವರು ತೂಗಬೇಕಾದದ್ದೇ ಖಾಲಿಯನ್ನು. ಖಾಲಿ ತಕ್ಕಡಿ ವಾಲಿದರೆ ಅದು ತಕ್ಕಡಿಯ ದೋಷವೋ, ಖಾಲಿಯ ತೂಕವೋ?

ಇದನ್ನು ಬಿಡಿಸಲು ಅವರು ಹೂಡಿದ ಉಪಾಯ ಆಯಸ್ಕಾಂತವನ್ನು ತಿರುಗಿಸುವುದು. ಆಯಸ್ಕಾಂತ ಒಂದು ಸುತ್ತು ಹಾಕುವಷ್ಟರಲ್ಲಿ ನಿಜವಾದ ಪರಿಣಾಮ ಎರಡು ಸಲ ಏರಿಳಿಯಬೇಕು. ಕನ್ನಡಿಗೂ ಗಾಜಿಗೂ ತಮ್ಮದೇ ದ್ವಿವಕ್ರೀಭವನ ಇದ್ದೇ ಇರುತ್ತದೆ, ಆದರೆ ಅದು ಆಯಸ್ಕಾಂತದ ತಾಳಕ್ಕೆ ಕುಣಿಯುವುದಿಲ್ಲ. ಮೇಲಾಗಿ ಎರಡು ಆಯಸ್ಕಾಂತಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಿಸಿದರೆ ಎರಡು ತಾಳದಲ್ಲೂ ಒಂದೇ ಉತ್ತರ ಬರಬೇಕು. ಉಪಾಯ ಸೊಗಸಾಗಿದೆ. ಆದರೆ ಕೊಳವೆಯಲ್ಲಿ ಅನಿಲ ಉಳಿದಿದ್ದರೆ ಅದೂ ಅದೇ ತಾಳಕ್ಕೆ ಕುಣಿಯುತ್ತದೆ. ನಮ್ಮ ಸುತ್ತಲಿನ ವಾಯುವಿನ ಒತ್ತಡದ ಹತ್ತು ಸಾವಿರ ಕೋಟಿ ಪಾಲಿನಲ್ಲಿ ಒಂದೆರಡು ಪಾಲು ಸಾರಜನಕ ಉಳಿದರೂ ಸಾಕು, ಅದರ ಪರಿಣಾಮ ನಿರ್ವಾತದ ಪರಿಣಾಮಕ್ಕೆ ಸಮನಾಗುತ್ತದೆ. ಅನಿಲ, ದ್ರವಗಳ ಈ ಗುಣ ನಮಗೇನು ಹೊಸದಲ್ಲ. 1927ರಲ್ಲಿ ಕಲ್ಕತ್ತಾದಲ್ಲಿ ರಾಮನ್ ಮತ್ತು ಕೆ. ಎಸ್. ಕೃಷ್ಣನ್ ಬೆಂಜೀನಿನಂಥ ದ್ರವಗಳನ್ನು ಆಯಸ್ಕಾಂತದ ನಡುವೆ ಇಟ್ಟು ಇದನ್ನೇ ಬಿಡಿಸಿ ನೋಡುತ್ತಿದ್ದರು. ರಾಮನ್ ಪರಿಣಾಮ ಬಂದದ್ದು ಅದರ ಮರುವರ್ಷ.

ಪಾಸಂಗ ಒಮ್ಮೆ ಈ ತಂಡವನ್ನೇ ಮೋಸಗೊಳಿಸಿತು. ಆಗ ಉಪಕರಣ ಇಟಲಿಯ ಲೆನ್ಯಾರೊದಲ್ಲಿತ್ತು, ಅತಿವಾಹಕ ಆಯಸ್ಕಾಂತ ಬಳಸುತ್ತಿದ್ದರು. 2006ರಲ್ಲಿ ಬೆಳಕಿನ ಕಂಪನದ ದಿಕ್ಕು ಕಾಂತಕ್ಷೇತ್ರದಲ್ಲಿ ತಿರುಗುವುದನ್ನು ಕಂಡೆವು ಎಂದು ಪ್ರಕಟಿಸಿದರು. ಸಿದ್ಧಾಂತ ಹೇಳಿದ್ದಕ್ಕಿಂತ ಅದು ಎಷ್ಟೋ ಪಟ್ಟು ದೊಡ್ಡದು. ಹೊಸ ಕಣವೊಂದು ಸಿಕ್ಕಿತೇನೋ ಎಂದು ಜಗತ್ತಿನ ತುಂಬ ಪ್ರಬಂಧಗಳು ಹುಟ್ಟಿಕೊಂಡವು. ಎರಡೇ ವರ್ಷದೊಳಗೆ ಅದೇ ತಂಡ ಉಪಕರಣ ಸುಧಾರಿಸಿ ಮತ್ತೆ ಅಳೆದು, ಆ ಸಂಕೇತ ಈಗಿಲ್ಲ, ಅದು ಉಪಕರಣದ್ದೇ ಕೆಲಸ ಎಂದು ತಾನೇ ಬರೆಯಿತು. ವಿಜ್ಞಾನದ ಚರಿತ್ರೆಯಲ್ಲಿ ನನಗೆ ದೊಡ್ಡದಾಗಿ ಕಾಣುವುದು ಈ ಎರಡನೇ ಪ್ರಬಂಧ. ಅದಾದ ಮೇಲೆಯೇ ಅವರು ಕ್ಷೇತ್ರ ಹೊರಗೆ ಹೆಚ್ಚು ಸೋರದ ಕಾಯಂ ಆಯಸ್ಕಾಂತಗಳಿಗೆ ಬದಲಾದದ್ದು.

2020ರ ಲೆಕ್ಕ ಹೀಗಿದೆ. 10⁻²³ ಅನ್ನು ಒಂದು ಘಟಕವೆಂದು ಹಿಡಿದರೆ, ಸಿದ್ಧಾಂತ ಕೇಳುವುದು 2.5. ಅವರಿಗೆ ಸಿಕ್ಕದ್ದು 12, ಅದರ ಅನಿಶ್ಚಿತತೆ 17. ಅಂದರೆ ಇದೆ ಎನ್ನಲಾಗದು, ಇಲ್ಲ ಎನ್ನಲಾಗದು. ಗುರಿಯಿಂದ ಸುಮಾರು ಏಳು ಪಟ್ಟು ದೂರ. ಅಡ್ಡ ಬಂದದ್ದು ಕನ್ನಡಿಯ ಲೇಪನ. ಕೋಣೆಯ ಉಷ್ಣತೆಯಲ್ಲಿ ಆ ಲೇಪನದೊಳಗೇ ಆಗುವ ನಡುಕ ಪ್ರತಿ ಸಲ ಬೆಳಕು ಬಡಿದಾಗಲೂ ಒಂದಿಷ್ಟು ದ್ವಿವಕ್ರೀಭವನ ಸೇರಿಸುತ್ತದೆ. ಇನ್ನೂ ಒಳ್ಳೆಯ ಕನ್ನಡಿ ಹಾಕಿ ಇನ್ನೂ ಹೆಚ್ಚು ಸಲ ಓಡಿಸಿದರೆ ಸಂಕೇತದ ಜೊತೆ ಗದ್ದಲವೂ ಅಷ್ಟೇ ಬೆಳೆಯುತ್ತದೆ. ಉಳಿದದ್ದು ಒಂದೇ ದಾರಿ, ಆಯಸ್ಕಾಂತವನ್ನು ಬೆಳೆಸುವುದು. ಸರ್ನ್‌ನ ದೊಡ್ಡ ಘರ್ಷಕದಲ್ಲಿ ಬಳಸುವಂಥ ಒಂದು ಆಯಸ್ಕಾಂತ, 8 ಟೆಸ್ಲಾ ಮೀರಿದ್ದು, 14 ಮೀಟರ್ ಉದ್ದದ್ದು, ಕ್ಷೇತ್ರದ ವರ್ಗ ಮತ್ತು ಉದ್ದದ ಲೆಕ್ಕದಲ್ಲಿ ಫೆರಾರಾದ ಜೋಡಿಗಿಂತ ನೂರು ಪಟ್ಟು ಮೇಲು. ಆದರೆ ಅದನ್ನು ತಿರುಗಿಸಲಾಗದು. ಹಾಗಾಗಿ ಆಯಸ್ಕಾಂತ ಬಿಟ್ಟು ಬೆಳಕಿನ ಕಂಪನವನ್ನೇ ತಿರುಗಿಸುವ ಯೋಜನೆ ಹಾಕಿದ್ದಾರೆ, ಕನ್ನಡಿಗಳ ನಡುವೆ ತಿರುಗುವ ಸ್ಫಟಿಕದ ಬಿಲ್ಲೆಗಳನ್ನಿಟ್ಟು. ಬಿಲ್ಲೆಗಳಿಗೆ ಮತ್ತೆ ತಮ್ಮದೇ ಪಾಸಂಗ. ಫ್ರಾನ್ಸಿನ ಟುಲೂಜ್‌ನವರು ಕ್ಷಣಮಾತ್ರ ಮಿಡಿಯುವ ಭಾರಿ ಆಯಸ್ಕಾಂತಗಳಿಂದ ಇದೇ ಗುರಿಗೆ ಹೊರಟವರು, ಜಪಾನಿನಲ್ಲೂ ಒಂದು ತಂಡವಿದೆ. ಯಾರೂ ಮುಟ್ಟಿಲ್ಲ.

ಹಾಗಾದರೆ ನಿರ್ವಾತ ಸುಮ್ಮನಿಲ್ಲ ಎಂಬುದಕ್ಕೆ ಪುರಾವೆಯೇ ಇಲ್ಲವೇ ಎಂದರೆ, ಬೇಕಾದಷ್ಟಿದೆ. ಹೈಡ್ರೋಜನ್ ಪರಮಾಣುವಿನಲ್ಲಿ 1947ರಲ್ಲಿ ಕಂಡ ಲ್ಯಾಂಬ್ ಪಲ್ಲಟ ಒಂದು. 1948ರಲ್ಲಿ ಹೆಂಡ್ರಿಕ್ ಕ್ಯಾಸಿಮಿರ್ ಊಹಿಸಿದ, ಎರಡು ಲೋಹದ ತಟ್ಟೆಗಳನ್ನು ಹತ್ತಿರಕ್ಕೆ ಎಳೆಯುವ ಬಲ ಇನ್ನೊಂದು. ಸ್ಟೀವ್ ಲಾಮೊರೊ 1997ರಲ್ಲಿ, ಉಮರ್ ಮೊಹಿದೀನ್ ಮತ್ತು ಅನುಶ್ರೀ ರಾಯ್ 1998ರಲ್ಲಿ ಅದನ್ನು ನಿಖರವಾಗಿ ಅಳೆದರು. ಜರ್ಮನಿಯ ಕಾನ್‌ಸ್ಟಾನ್ಸ್‌ನಲ್ಲಿ 2015ರಲ್ಲಿ ಅತಿ ಕಿರು ಲೇಸರ್ ಮಿಡಿತಗಳಿಂದ ನಿರ್ವಾತದ ವಿದ್ಯುತ್ ಕ್ಷೇತ್ರದ ಏರಿಳಿತವನ್ನೇ ಸೆರೆಹಿಡಿದೆವು ಎಂದು ವರದಿ ಮಾಡಿದರು.

ಗುರುತ್ವ ತರಂಗ ಹಿಡಿಯುವ ಲೈಗೋ ಯಂತ್ರಕ್ಕಂತೂ ಈ ಏರಿಳಿತ ದಿನದ ಕಾಟ. ಬೆಳಕು ಹೊರಬರುವ ಬಾಗಿಲಿನಿಂದ ನಿರ್ವಾತದ ಕಂಪನ ಒಳನುಗ್ಗಿ ಅಳತೆಯನ್ನು ಕೆಡಿಸುತ್ತದೆ ಎಂದು ಕಾರ್ಲ್ಟನ್ ಕೇವ್ಸ್ 1981ರಲ್ಲೇ ತೋರಿಸಿದ್ದರು. ಈಗ ಆ ನಿರ್ವಾತವನ್ನು ಒಂದು ಕಡೆ ಹಿಂಡಿ ಇನ್ನೊಂದು ಕಡೆ ಉಬ್ಬಲು ಬಿಟ್ಟು ಒಳಬಿಡುತ್ತಾರೆ. ಕ್ವಾಂಟಮ್ ಏರಿಳಿತ 40 ಕಿಲೋ ತೂಕದ ಕನ್ನಡಿಗಳನ್ನು 10⁻²⁰ ಮೀಟರಿನಷ್ಟು ಅಲುಗಿಸುತ್ತದೆ ಎಂದು 2020ರಲ್ಲಿ ಅಳೆದೂ ತೋರಿಸಿದರು. ಭಾರತದ ಲೈಗೋಗೆ 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ 2,600 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಜಾಗ ಹಿಂಗೋಲಿ ಜಿಲ್ಲೆಯ ಔಂಢಾ ನಾಗನಾಥದ ಹತ್ತಿರ. ನಮ್ಮ ಮಾಳಿಗೆಯಿಂದ ಉತ್ತರಕ್ಕೆ ನೆಟ್ಟಗೆ ಗೆರೆ ಎಳೆದರೆ ಇನ್ನೂರು ಕಿಲೋಮೀಟರಿಗೆ ಸ್ವಲ್ಪ ಮೇಲೆ, ಬೆಂಗಳೂರಿಗಿಂತ ಎಷ್ಟೋ ಹತ್ತಿರ. 1956ರವರೆಗೆ ನಾವೂ ಅವರೂ ಒಂದೇ ಹೈದರಾಬಾದ್ ರಾಜ್ಯದವರು. ಅಲ್ಲಿ ನಾಲ್ಕು ಕಿಲೋಮೀಟರಿನ ಎರಡು ನಿರ್ವಾತ ಕೊಳವೆಗಳು ಎದ್ದರೆ ಕಲಬುರಗಿಯ ಎಂಜಿನಿಯರಿಂಗ್ ಹುಡುಗರಿಗೆ ಕೆಲಸ ಸಿಗಲಿ ಎಂಬುದು ನನ್ನ ಸ್ವಾರ್ಥ.

ಬೆಳಕು ಬೆಳಕಿಗೆ ಡಿಕ್ಕಿ ಹೊಡೆಯುವುದೂ ಪತ್ತೆಯಾಗಿದೆ. ಸರ್ನ್‌ನ ಅಟ್ಲಾಸ್ ತಂಡ ಸೀಸದ ನ್ಯೂಕ್ಲಿಯಸ್‌ಗಳನ್ನು ಪಕ್ಕಪಕ್ಕದಲ್ಲೇ ಹಾಯಿಸಿ, ಅವುಗಳ ಸುತ್ತಲಿನ ಫೋಟಾನ್‌ಗಳು ಪರಸ್ಪರ ಚದುರಿದ ಕುರುಹನ್ನು 2017ರಲ್ಲಿ 13 ಘಟನೆಗಳಲ್ಲಿ, 2019ರಲ್ಲಿ 59 ಘಟನೆಗಳಲ್ಲಿ ಕಂಡಿತು. ಮೂಲ ಭೌತಶಾಸ್ತ್ರ ಅದೇ. ಆದರೆ ಅಲ್ಲಿನ ಫೋಟಾನ್‌ಗಳ ಶಕ್ತಿ ಭಯಂಕರ. ಶಾಂತವಾದ ಸಾಮಾನ್ಯ ಬೆಳಕು, ಸ್ಥಿರವಾದ ಆಯಸ್ಕಾಂತ, ಅವುಗಳ ನಡುವೆ ಏನೂ ಇಲ್ಲದ ಜಾಗ, ಈ ಸರಳ ಪ್ರಶ್ನೆ ಹಾಗೇ ಉಳಿದಿದೆ.

ಭೂಮಿಯ ಆಯಸ್ಕಾಂತ ಸಾಲದಿದ್ದರೆ ಆಕಾಶದ್ದನ್ನು ಬಳಸಬಹುದು. ನ್ಯೂಟ್ರಾನ್ ನಕ್ಷತ್ರಗಳ ಕ್ಷೇತ್ರ ಹತ್ತು ಕೋಟಿ ಟೆಸ್ಲಾ ದಾಟುತ್ತದೆ, ಅವುಗಳಲ್ಲೇ ಅತಿ ಬಲವಾದ ಕ್ಷೇತ್ರವಿರುವ ಮ್ಯಾಗ್ನೆಟಾರ್‌ಗಳದ್ದು ಸಾವಿರ ಕೋಟಿ ಮೀರುತ್ತದೆ. ಅಲ್ಲಿ ನಿರ್ವಾತದ ಪರಿಣಾಮ ಸೂಕ್ಷ್ಮವೇ ಅಲ್ಲ, ಬೆಳಕು ಹೊರಡುವ ರೀತಿಯನ್ನೇ ಅದು ಆಳುತ್ತದೆ. ನಕ್ಷತ್ರದ ಮೈಯ ಬೇರೆ ಬೇರೆ ಜಾಗದಿಂದ ಬೇರೆ ಬೇರೆ ದಿಕ್ಕಿನ ಕಂಪನ ಹೊರಟರೂ ನಿರ್ವಾತ ಅವನ್ನು ಬಹುದೂರದವರೆಗೆ ಕಾಂತಕ್ಷೇತ್ರದ ಜೊತೆ ಹಿಡಿದು ನಡೆಸುತ್ತದೆ. ಕೊನೆಗೆ ಎಲ್ಲವೂ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಬರುತ್ತವೆ, ಒಂದನ್ನೊಂದು ಅಳಿಸುವುದಿಲ್ಲ. ರಾಬರ್ಟೊ ಮಿನ್ಯಾನಿ ಮತ್ತು ಸಂಗಡಿಗರು ಸುಮಾರು 400 ಜ್ಯೋತಿರ್ವರ್ಷ ದೂರದ ಆರ್‌ಎಕ್ಸ್ ಜೆ1856 ಎಂಬ ಮಸುಕು ನಕ್ಷತ್ರವನ್ನು ಚಿಲಿಯ ದೊಡ್ಡ ದೂರದರ್ಶಕದಿಂದ ನೋಡಿ, ಅದರ ಬೆಳಕು ಶೇಕಡಾ 16ರಷ್ಟು ಧ್ರುವೀಕೃತವಾಗಿದೆ, ಅಂದರೆ ಅಷ್ಟು ಪಾಲು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ ಎಂದು 2016ರ ಕೊನೆಗೆ ಪ್ರಕಟಿಸಿದರು. ಅನಿಶ್ಚಿತತೆ 5. ನಿರ್ವಾತದ ದ್ವಿವಕ್ರೀಭವನಕ್ಕೆ ಮೊದಲ ಪುರಾವೆ ಎಂದು ಪತ್ರಿಕೆಗಳು ಬರೆದವು. ಆದರೆ ಆ ನಕ್ಷತ್ರದ ಮೈ ಅನಿಲವೋ, ಗಟ್ಟಿಯೋ, ಕಾಂತಧ್ರುವ ನಮ್ಮ ಕಡೆ ಎಷ್ಟು ವಾಲಿದೆ, ಇವುಗಳನ್ನು ಬದಲಿಸಿದರೆ ಲೆಕ್ಕವೂ ಬದಲಾಗುತ್ತದೆ.

2021ರ ಡಿಸೆಂಬರಿನಲ್ಲಿ ಹಾರಿದ ನಾಸಾದ ಐಎಕ್ಸ್‌ಪಿಇ ಉಪಗ್ರಹ ಕ್ಷ-ಕಿರಣದಲ್ಲಿ ಇದೇ ಕೆಲಸ ಮಾಡಿತು. 4ಯು 0142+61 ಎಂಬ ಮ್ಯಾಗ್ನೆಟಾರಿನ ಕ್ಷ-ಕಿರಣದ ಕಂಪನ ಕಡಿಮೆ ಶಕ್ತಿಯಿಂದ ಹೆಚ್ಚು ಶಕ್ತಿಗೆ ಹೋಗುವಾಗ ಸರಿಯಾಗಿ 90 ಡಿಗ್ರಿ ತಿರುಗಿತ್ತು. ನಕ್ಷತ್ರದ ಗಟ್ಟಿ ಮೈ ಇದಕ್ಕೆ ಕಾರಣ ಎಂದು ಕೆಲವರು, ನಿರ್ವಾತವೂ ಪ್ಲಾಸ್ಮಾವೂ ಸೆಣಸುವ ಜಾಗದಲ್ಲಿ ಕಂಪನ ಮಗ್ಗಲು ಬದಲಿಸುತ್ತದೆ ಎಂದು ಇನ್ನು ಕೆಲವರು. ಹರ್ಕ್ಯುಲಿಸ್ ಎಕ್ಸ್-1 ಎಂಬ ಇನ್ನೊಂದು ಕಾಯದಲ್ಲಿ ಶೇಕಡಾ 60ರಿಂದ 80 ಧ್ರುವೀಕರಣ ನಿರೀಕ್ಷಿಸಿದ್ದರೆ ಸಿಕ್ಕದ್ದು ಶೇಕಡಾ 9ರ ಸುಮಾರು.

ಬೆಂಗಳೂರು ಮತ್ತೆ ಬರುವುದು ಇಲ್ಲಿ. 2024ರ ಜನವರಿ 1ರ ಬೆಳಗ್ಗೆ ಶ್ರೀಹರಿಕೋಟಾದಿಂದ ಹಾರಿದ ಇಸ್ರೋದ ಎಕ್ಸ್‌ಪೋಸ್ಯಾಟ್ ಉಪಗ್ರಹದ ಮುಖ್ಯ ಉಪಕರಣ ಪೋಲಿಕ್ಸ್. ಕಟ್ಟಿದ್ದು ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ, ಬಿಸ್ವಜಿತ್ ಪಾಲ್ ಅವರ ಮುಂದಾಳತ್ವದಲ್ಲಿ. ರಾಮನ್ 1948ರಲ್ಲಿ ಶುರುಮಾಡಿದ ಈ ಸಂಸ್ಥೆಯಲ್ಲೇ ಎಸ್. ಪಂಚರತ್ನಂ ಎಂಬ ಇಪ್ಪತ್ತರ ಆಸುಪಾಸಿನ ಹುಡುಗ 1956ರಲ್ಲಿ ಧ್ರುವೀಕೃತ ಬೆಳಕಿನ ಹಂತದ ಬಗ್ಗೆ ಬರೆದದ್ದು ಇಂದು ಜಗತ್ತಿನ ಪಠ್ಯಗಳಲ್ಲಿ ಅವರ ಹೆಸರಿನಲ್ಲಿದೆ. ಸ್ಫಟಿಕದ ಬಿಲ್ಲೆಗಳನ್ನು ಜೋಡಿಸಿ ಹಲವು ಬಣ್ಣಗಳಿಗೆ ಒಂದೇ ಸಮ ಕೆಲಸ ಮಾಡಿಸುವ ವಿಧಾನವೂ ಅವರದು. ಧ್ರುವೀಕರಣ ಆ ಸಂಸ್ಥೆಯ ಮನೆವೃತ್ತಿ ಎಂದರೂ ಸಲ್ಲುತ್ತದೆ.

ಪೋಲಿಕ್ಸ್‌ನ ಒಳಗೆ ನೋಡಿದರೆ ನಮ್ಮ ಚಸ್ಮಾದ ಆಟವೇ. ನಡುವೆ ಹಗುರ ಲೋಹ ಬೆರಿಲಿಯಮ್ಮಿನ ತುಂಡು, ಸುತ್ತ ನಾಲ್ಕು ಅನಿಲ ತುಂಬಿದ ಕ್ಷ-ಕಿರಣ ಪತ್ತೆಗಾರಗಳು. ಬೆರಿಲಿಯಮ್ಮಿಗೆ ಬಡಿದ ಕ್ಷ-ಕಿರಣ ತನ್ನ ಕಂಪನಕ್ಕೆ ಅಡ್ಡ ದಿಕ್ಕಿನಲ್ಲಿ ಹೆಚ್ಚಾಗಿ ಚದುರುತ್ತದೆ. ಉಪಗ್ರಹ ನೋಟದ ಗೆರೆಯ ಸುತ್ತ ನಿಧಾನಕ್ಕೆ ಗಿರಕಿ ಹೊಡೆಯುತ್ತದೆ, ಪತ್ತೆಗಾರಗಳಲ್ಲಿ ಎಣಿಕೆ ಒಂದು ಸುತ್ತಿಗೆ ಎರಡು ಸಲ ಏರಿಳಿಯುತ್ತದೆ. ಫೆರಾರಾದಲ್ಲಿ ಆಯಸ್ಕಾಂತ ತಿರುಗಿತು, ಇಲ್ಲಿ ತಕ್ಕಡಿಯೇ ತಿರುಗುತ್ತದೆ. ನಾಸಾದ ಉಪಗ್ರಹ ನೋಡುವುದು 2ರಿಂದ 8 ಕಿಲೋ ಎಲೆಕ್ಟ್ರಾನ್‌ವೋಲ್ಟ್, ಪೋಲಿಕ್ಸ್ 8ರಿಂದ 30. ಮ್ಯಾಗ್ನೆಟಾರ್‌ಗಳು ಇಷ್ಟು ಮೇಲಕ್ಕೆ ಮಂಕಾಗುವುದರಿಂದ ಪೋಲಿಕ್ಸ್ ಅವುಗಳಲ್ಲಿ ಪವಾಡ ಮಾಡುತ್ತದೆಂದು ನಾನು ನಂಬುವುದಿಲ್ಲ. ಹರ್ಕ್ಯುಲಿಸ್ ಎಕ್ಸ್-1ರಂಥ ಪ್ರಖರ ಕಾಯಗಳು ಬೇರೆ ಮಾತು. ಅದರ ಕಾಂತಕ್ಷೇತ್ರದ ಗುರುತು ಬೀಳುವುದು 37 ಕಿಲೋ ಎಲೆಕ್ಟ್ರಾನ್‌ವೋಲ್ಟಿನ ಸುಮಾರಿನಲ್ಲಿ. ಅತ್ತ ಏರುವ ದಾರಿಯಲ್ಲಿ ಧ್ರುವೀಕರಣ ಹೇಗೆ ಬದಲಾಗುತ್ತದೆಂದು ಅಳೆದರೆ, ಆ 80 ಯಾಕೆ 9ಕ್ಕೆ ಇಳಿಯಿತು ಎಂಬ ವ್ಯಾಜ್ಯದಲ್ಲಿ ನಿರ್ವಾತದ ಪಾಲೆಷ್ಟು ಎಂದು ಕೇಳಬಹುದು.

ನನ್ನ ತೀರ್ಪು ಕೇಳಿದರೆ, ಆಕಾಶದಲ್ಲಿ ತೂಕ ದೊಡ್ಡದು, ಪಾಸಂಗ ಮಾತ್ರ ಗೊತ್ತಿಲ್ಲ. ಮೇಜಿನ ಮೇಲೆ ಪಾಸಂಗವನ್ನು ಬೆರಳೆಣಿಸಿ ಹೇಳಬಹುದು, ತೂಕ ಕೈಗೆ ಸಿಗುತ್ತಿಲ್ಲ. ನಕ್ಷತ್ರದ ಹತ್ತಿರ ಹೋಗಿ "ಖಾಲಿ ಎತ್ರಿ" ಎನ್ನಲು ಬರುವುದಿಲ್ಲ. ಹಾಗಾಗಿ ಮ್ಯಾಕ್ಸ್ ಬಾರ್ನ್‌ಗೂ ಹೈಸನ್‌ಬರ್ಗ್‌ಗೂ ನಡುವಿನ ಕೊನೆಯ ಪಂಚಾಯಿತಿ ಭೂಮಿಯ ಮೇಲೆಯೇ ಆಗಬೇಕು. ಸದ್ಯಕ್ಕೆ ಹೆಚ್ಚು ಭರವಸೆ ಹುಟ್ಟಿಸುವುದು ಹ್ಯಾಂಬರ್ಗ್ ಬಳಿಯ ಕ್ಷ-ಕಿರಣ ಲೇಸರ್ ಕೇಂದ್ರ, ಯುರೋಪಿಯನ್ ಎಕ್ಸ್‌ಎಫ್‌ಇಎಲ್‌. ಅಲ್ಲಿ ಆಯಸ್ಕಾಂತದ ಬದಲು ಭಾರಿ ಲೇಸರನ್ನು ಕೂದಲಿಗಿಂತ ಸಣ್ಣ ಚುಕ್ಕೆಗೆ ಕೂಡಿಸಿ, ಅದರ ಮೂಲಕ ಕ್ಷ-ಕಿರಣ ಹಾಯಿಸುವ ಯೋಜನೆ. ಅದಕ್ಕೆ ಜರ್ಮನಿಯ ಯೇನಾದವರು ಸ್ಫಟಿಕಗಳಲ್ಲಿ ಕ್ಷ-ಕಿರಣವನ್ನು ಮತ್ತೆ ಮತ್ತೆ ಪ್ರತಿಫಲಿಸಿ, ಅಡ್ಡ ಹಿಡಿದಾಗ ಸಾವಿರ ಕೋಟಿ ಫೋಟಾನ್‌ಗಳಲ್ಲಿ ಒಂದೆರಡು ಮಾತ್ರ ನುಸುಳುವಷ್ಟು ಶುದ್ಧವಾದ "ಚಸ್ಮಾ" ಮಾಡಿದ್ದಾರೆ. ನಿರ್ವಾತ ತಿರುಗಿಸಿದ ಫೋಟಾನ್‌ಗಳನ್ನು ಹುಡುಕಬೇಕಾದದ್ದು ಆ ನುಸುಳಿದವರ ನಡುವೆ.

ಮಾಳಿಗೆಯ ಮೇಲೆ ಅಷ್ಟೊತ್ತಿಗೆ ಕತ್ತಲಾಗಿತ್ತು. ಅಣ್ಣನ ಮಗಳು ಪಟ್ಟಿ ಕೆಳಗಿಟ್ಟು ಚಸ್ಮಾವನ್ನು ಮತ್ತೆ ಮತ್ತೆ ಆ ಕಪ್ಪು ಕೋನಕ್ಕೆ ತರುತ್ತಿದ್ದಳು, ಒಂದು ಕೂದಲೆಳೆ ಆಚೆ, ಒಂದು ಕೂದಲೆಳೆ ಈಚೆ.

"ಕಾಕಾ, ಎಷ್ಟ್ ತಿರುಗಿಸಿದ್ರೂ ಪೂರಾ ಕಪ್ಪಾಗವಲ್ದು. ಒಂದ್ ಸ್ವಲ್ಪ ನೇರಳೆ ಉಳೀತದ ನೋಡ್ರಿ."

ಬಗ್ಗಿ ನೋಡಿದೆ. ಉಳಿದಿತ್ತು.